ಹಸಿರುಗಟ್ಟಿದ ಈಜುಕೊಳ ತಿಳಿಯಾಗಬೇಕಾದರೆ: ಯಾವುದು ಮೊದಲು, ಯಾವುದು ಆಮೇಲೆ

ಮನೆಯ ಈಜುಕೊಳ ಹಸಿರಾದರೆ ಬಹುಪಾಲು ಜನ ಮಾಡುವುದು ಒಂದೇ. ಒಂದು ಡಬ್ಬಿ ಕ್ಲೋರಿನ್ ಸುರಿಯುತ್ತಾರೆ, ಮರುದಿನ ಬಣ್ಣ ಸ್ವಲ್ಪ ತಿಳಿಯಾದದ್ದು ನೋಡಿ ಸುಮ್ಮನಾಗುತ್ತಾರೆ, ನಾಲ್ಕನೇ ದಿನ ಕೊಳ ಮತ್ತೆ ಹಸಿರು. ಆಗ ಪಾಚಿನಾಶಕ, ಅದೂ ನಾಟದಿದ್ದರೆ ಪಟಿಕ. ದುಡ್ಡು ಹೋಗುತ್ತದೆ, ನೀರು ಹಾಗೇ ಇರುತ್ತದೆ. ಇಲ್ಲಿ ಸಾಮಾನ್ಯವಾಗಿ ತಪ್ಪಿರುವುದು ರಾಸಾಯನಿಕ ಅಲ್ಲ, ಹಾಕಿದ ಕ್ರಮ.

ಕೆಲಸ ಎರಡು: ಪಾಚಿಯನ್ನು ಕೊಲ್ಲುವುದು ಮತ್ತು ಸತ್ತದ್ದನ್ನು ನೀರಿನಿಂದ ಹೊರಹಾಕುವುದು. ಕೊಲ್ಲುವುದು ಕ್ಲೋರಿನ್, ಹೊರಹಾಕುವುದು ಫಿಲ್ಟರ್. ಮೊದಲನೆಯದು ಪೂರ್ತಿ ಮುಗಿಯದೆ ಎರಡನೆಯದಕ್ಕೆ ಕೈಹಾಕಿದರೆ, ಉಳಿದ ಜೀವಂತ ಪಾಚಿ ಒಂದೆರಡು ದಿನದಲ್ಲೇ ಮತ್ತೆ ಹಬ್ಬುತ್ತದೆ.

## ಮೊದಲು ಸುರಕ್ಷತೆ

ತಳ ಕಾಣದ ಕೊಳಕ್ಕೆ ಯಾರೂ ಇಳಿಯಬಾರದು, ಸ್ವಚ್ಛ ಮಾಡುವವರೂ ಸೇರಿದಂತೆ. ಮಬ್ಬು ನೀರಿನಲ್ಲಿ ಮುಳುಗಿದವರು ಮೇಲಿನಿಂದ ಕಾಣುವುದಿಲ್ಲ. ಕೆಲಸ ಮುಗಿಯುವವರೆಗೆ ಮಕ್ಕಳು ಅತ್ತ ಸುಳಿಯದಂತೆ ಗೇಟು ಹಾಕಿಡಿ.

ಆಸಿಡ್ ಮತ್ತು ಕ್ಲೋರಿನ್ ಎಂದೂ ಸೇರಬಾರದು. ಒಂದೇ ಬಕೆಟ್, ಒಂದೇ ಅಳತೆ ಮಗ್ ಎರಡಕ್ಕೂ ಬಳಸಿದರೂ ಸಾಕು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಒಂದಕ್ಕೊಂದು ತಾಗಿಸುವುದೂ ಅಷ್ಟೇ ಅಪಾಯ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಮತ್ತು ಟ್ರೈಕ್ಲೋರ್ (ನಿಧಾನವಾಗಿ ಕರಗುವ ಮಾತ್ರೆಗಳಲ್ಲಿರುವ ಕ್ಲೋರಿನ್) ಒಣದಾಗಿದ್ದಾಗಲೇ ಬೆರೆತರೂ ಬೆಂಕಿ ಹತ್ತಬಹುದು, ಸಿಡಿಯಬಹುದು. ಪ್ರತಿಯೊಂದಕ್ಕೂ ಬೇರೆ ಚಮಚ, ಬೇರೆ ಡಬ್ಬಿ, ಬೇರೆ ಜಾಗ ಇರಲಿ.

ಯಾವಾಗಲೂ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ರಾಸಾಯನಿಕ. ಪುಡಿಯ ಮೇಲೆ ನೀರು ಸುರಿಯಬೇಡಿ. ರಬ್ಬರ್ ಕೈಗವಸು ಮತ್ತು ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಬೇಕೇ ಬೇಕು. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು ಸುರಿಯಿರಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಉದ್ದ ಕೋಲಿಗೆ ಸಿಕ್ಕಿಸುವ ಬ್ರಷ್, ಆಳವಾದ ಚೀಲವಿರುವ ಎಲೆ ಬಲೆ, ವ್ಯಾಕ್ಯೂಮ್ ತಲೆ ಮತ್ತು ಕೊಳವೆ, ಎರಡು ಪ್ಲಾಸ್ಟಿಕ್ ಬಕೆಟ್, ಅಳತೆ ಪಾತ್ರೆ. ವಿನೈಲ್ ಹಾಳೆ ಅಥವಾ ಫೈಬರ್ ಗ್ಲಾಸ್ ಕೊಳಕ್ಕೆ ನೈಲಾನ್ ಬ್ರಷ್ ಮಾತ್ರ. ಉಕ್ಕಿನ ತಂತಿ ಬ್ರಷ್ ಏನಿದ್ದರೂ ಸಿಮೆಂಟ್ ಗಾರೆಯ ಗೋಡೆಗೆ.

ಇವೆಲ್ಲಕ್ಕಿಂತ ಮುಖ್ಯ ಪರೀಕ್ಷಾ ಕಿಟ್. ಹಳದಿ ಬಣ್ಣ ಬರುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಪಾಚಿಯ ಜೊತೆ ಕಾದಾಡಿ ಸೋತ ಕ್ಲೋರಿನ್ ಕೂಡ ಆ ಲೆಕ್ಕದಲ್ಲಿ ಸೇರಿರುತ್ತದೆ. ನಿಮಗೆ ಬೇಕಾದದ್ದು ಮುಕ್ತ ಕ್ಲೋರಿನ್ (ಇನ್ನೂ ಕೆಲಸಕ್ಕೆ ಬರುವುದು), ಬೆಸೆದ ಕ್ಲೋರಿನ್ (ಕೊಳೆಯೊಡನೆ ಸೇರಿ ಶಕ್ತಿ ಕಳೆದುಕೊಂಡದ್ದು), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) ಮತ್ತು ಸೈನ್ಯೂರಿಕ್ ಆಸಿಡ್ (ಬಿಸಿಲಿನಿಂದ ಕ್ಲೋರಿನ್ ಕಾಯುವ ಸ್ಟೆಬಿಲೈಜರ್) ಐದನ್ನೂ ಅಳೆಯುವ ಕಿಟ್. ಹನಿ ಎಣಿಸುವ ಬಗೆಯ ಎಫ್‌ಎಎಸ್-ಡಿಪಿಡಿ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು 50 ಪಿಪಿಎಂವರೆಗೂ (ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿಗೆ ಒಂದು ಪಾಲು) ಓದುತ್ತದೆ, ಬಣ್ಣ ಹೋಲಿಸುವ ತಲೆನೋವಿಲ್ಲ. ಪಾಚಿನಾಶಕಕ್ಕೆ ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.

## ಹಂತ 1: ಗಾಜಿನ ಲೋಟದಲ್ಲಿ ಕಾರಣ ಹುಡುಕಿ

ಮೊಳಕೈ ಆಳದಿಂದ ಒಂದು ಗಾಜಿನ ಲೋಟ ನೀರು ತೆಗೆದು ಬಿಳಿ ಗೋಡೆಯ ಮುಂದೆ ಇಡಿ. ಹತ್ತು ನಿಮಿಷದಿಂದ ಕೆಲವು ಗಂಟೆಯೊಳಗೆ ಅದು ತಾನೇ ಉತ್ತರ ಹೇಳುತ್ತದೆ.

ನೀರು ಹಸಿರಾಗಿ ಮಂಜುಮಂಜಾಗಿಯೇ ಉಳಿದರೆ ಜೀವಂತ ಪಾಚಿ. ಮುಂದಿನ ಹಂತಗಳೆಲ್ಲ ಇದಕ್ಕೇ.

ಬೂದು ಅಥವಾ ಮಾಸಲು ಹಸಿರು ಕೆಸರು ತಳಕ್ಕೆ ಇಳಿದರೆ ಸತ್ತ ಪಾಚಿ ಅಥವಾ ದೂಳು. ಮುಕ್ತ ಕ್ಲೋರಿನ್ ನಿಲ್ಲುತ್ತಿದೆಯೇ ಎಂದು ಖಚಿತಪಡಿಸಿಕೊಂಡು ನೇರ ಹಂತ 8ಕ್ಕೆ ಹೋಗಬಹುದು.

ಒಂದೆರಡು ನಿಮಿಷದಲ್ಲಿ ಲೋಟ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಕೊಳೆಯಲ್ಲ, ಗಾಳಿಗುಳ್ಳೆ. ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪ್ ಮುಚ್ಚಳದ ರಬ್ಬರ್ ರಿಂಗ್ ಮತ್ತು ಕೊಳದ ನೀರಿನ ಮಟ್ಟ ನೋಡಿ. ನೀರು ಸ್ಕಿಮ್ಮರ್ (ಮೇಲ್ಮೈಯ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಯ ಅರ್ಧಕ್ಕಾದರೂ ಇರಬೇಕು.

ಹಾಲಿನಂತೆ ಬೆಳ್ಳಗಿದ್ದರೆ ಲೋಟಕ್ಕೆ ಐದಾರು ಹನಿ ಬಿಳಿ ವಿನೆಗರ್ ಹಾಕಿ ಕಲಕಿ. ತಿಳಿಯಾದರೆ ಅದು ಸುಣ್ಣ. ಪಿಎಚ್ ಏರಿ ಕ್ಯಾಲ್ಸಿಯಂ ಹೊರಬಿದ್ದಿದೆ. ಪಿಎಚ್ ಇಳಿಸಿ ಫಿಲ್ಟರ್ ಓಡಿಸಿದರೆ ಸಾಕು, ಕ್ಲೋರಿನ್ ಸುರಿಯಬೇಕಿಲ್ಲ.

ಬಣ್ಣ ಹಸಿರು, ಆದರೆ ನೀರು ಪಾರದರ್ಶಕ, ತಳದ ಗೆರೆಗಳೂ ಸ್ಪಷ್ಟ. ಇದರಲ್ಲಿ ಮೋಸಹೋಗುವವರೇ ಹೆಚ್ಚು. ಅದು ಪಾಚಿಯಲ್ಲ, ನೀರಿನಲ್ಲಿ ಕರಗಿದ ಲೋಹ, ಹೆಚ್ಚಾಗಿ ತಾಮ್ರ. ತಾಮ್ರದ ಪಾಚಿನಾಶಕದಿಂದ ಬಂದಿರಬಹುದು, ಇಲ್ಲವೇ ಆಮ್ಲೀಯ ನೀರು ಹೀಟರ್‌ನ ತಾಮ್ರದ ಕೊಳವೆಯನ್ನು ತಿಂದಿರಬಹುದು. ಕ್ಲೋರಿನ್ ಹಾಕಿದಷ್ಟೂ ಬಣ್ಣ ಗಾಢವಾಗಿ ಗೋಡೆಗೆ ಕಲೆ ಕೂರುತ್ತದೆ. ಇದಕ್ಕೆ ದಾರಿ ಬೇರೆ: ತಾಮ್ರದ ಮೂಲ ನಿಲ್ಲಿಸಿ, ಲೋಹ ಹಿಡಿದಿಡುವ ದ್ರಾವಣ ಹಾಕಿ, ಸ್ವಲ್ಪ ನೀರು ಬದಲಿಸಿ. ಚಹಾ ಬಣ್ಣವಿದ್ದರೆ ಕಬ್ಬಿಣ. ಕೊಳವೆಬಾವಿಯ ನೀರು ತುಂಬಿಸಿದ ಕೊಳಗಳಲ್ಲಿ ಇದು ಸಾಮಾನ್ಯ.

## ಹಂತ 2: ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ

ಅಂದಾಜಿನ ಮೇಲೆ ಹಾಕಿದ ಪ್ರಮಾಣವೆಲ್ಲ ಅಂದಾಜೇ. ಆಯತಾಕಾರದ ಕೊಳಕ್ಕೆ ಉದ್ದ × ಅಗಲ × ಸರಾಸರಿ ಆಳ × 1000, ಎಲ್ಲ ಮೀಟರ್‌ನಲ್ಲಿ. ದುಂಡಗಿನ ಕೊಳಕ್ಕೆ ವ್ಯಾಸ × ವ್ಯಾಸ × ಆಳ × 785. ಸರಾಸರಿ ಆಳ ಅಂದರೆ ಕಡಿಮೆ ಆಳ ಮತ್ತು ಹೆಚ್ಚು ಆಳ ಕೂಡಿಸಿ ಎರಡರಿಂದ ಭಾಗಿಸಿದ್ದು.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳವಿದ್ದರೆ 48,000 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ ಕೊಳದ್ದೇ. ನೆನಪಿಡಬೇಕಾದ ಒಂದೇ ಸೂತ್ರ: 1000 ಲೀಟರಿಗೆ 1 ಗ್ರಾಂ ಅಂದರೆ 1 ಪಿಪಿಎಂ.

## ಹಂತ 3: ಕಸವನ್ನು ಕೈಯಿಂದಲೇ ತೆಗೆಯಿರಿ

ತಳದಲ್ಲಿ ಕೊಳೆತ ಎಲೆ, ಹುಳು, ಮಣ್ಣು ಬಿದ್ದಿದ್ದರೆ ನೀವು ಸುರಿಯುವ ಕ್ಲೋರಿನ್ ಮೊದಲು ಅದರ ಪಾಲಾಗುತ್ತದೆ. ಪಾಚಿಗೆ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಬಲೆಯನ್ನು ತಳಕ್ಕೆ ತಾಗಿಸಿ ನಿಧಾನವಾಗಿ ಎಳೆಯಿರಿ. ಬೇಗ ಎಳೆದರೆ ಕಸ ಎದ್ದು ಪಕ್ಕಕ್ಕೆ ಸರಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಒಂದು ತುದಿಯಿಂದ ಸಾಲು ಹಿಡಿದು ಬನ್ನಿ, ಬಲೆಗೆ ಬರುವುದು ನಿಲ್ಲುವವರೆಗೆ. ಆಮೇಲೆ ಸ್ಕಿಮ್ಮರ್ ಬುಟ್ಟಿ, ಪಂಪ್ ಬುಟ್ಟಿ ಎರಡನ್ನೂ ತೊಳೆಯಿರಿ.

ಪೂರ್ತಿ ನೀರು ಖಾಲಿ ಮಾಡಿ ಉಜ್ಜಿದರಾಯಿತಲ್ಲ ಎಂಬ ಯೋಚನೆ ಬರುತ್ತದೆ. ಬೇಡ. ನೆಲದಡಿಯ ನೀರಿನ ಒತ್ತಡ ಖಾಲಿ ಕೊಳವನ್ನು ಮೇಲೆತ್ತಿ ಬಿರುಕು ಬಿಡಿಸಬಹುದು, ವಿನೈಲ್ ಹಾಳೆ ಒಣಗಿ ಸಂಕುಚಿಸಿದರೆ ಮತ್ತೆ ಕೂರುವುದಿಲ್ಲ.

## ಹಂತ 4: ಪಿಎಚ್ ಮತ್ತು ಸ್ಟೆಬಿಲೈಜರ್, ಕ್ಲೋರಿನ್‌ಗಿಂತ ಮೊದಲು

ಪಿಎಚ್ 7.2ರಲ್ಲಿ ಕ್ಲೋರಿನ್‌ನ ಮೂರನೇ ಎರಡು ಭಾಗ ಕೊಲ್ಲುವ ಶಕ್ತಿಯುಳ್ಳ ಹೈಪೋಕ್ಲೋರಸ್ ಆಸಿಡ್ ರೂಪದಲ್ಲಿರುತ್ತದೆ. 7.5ಕ್ಕೆ ಅದು ಸುಮಾರು ಅರ್ಧ, 8ಕ್ಕೆ ನಾಲ್ಕನೇ ಒಂದು ಭಾಗವೂ ಇಲ್ಲ. ಸ್ಟೆಬಿಲೈಜರ್ ಇರುವ ನೀರಿನಲ್ಲಿ ಈ ವ್ಯತ್ಯಾಸ ಇಷ್ಟು ತೀವ್ರವಾಗಿರುವುದಿಲ್ಲ, ಆದರೂ 7.2ಕ್ಕೆ ಇಳಿಸಿಯೇ ಶುರು ಮಾಡಿ. ಕಾರಣ ಇನ್ನೊಂದಿದೆ: ಮುಕ್ತ ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ಆಗ ಅದನ್ನು ನಂಬಿ ಆಸಿಡ್ ಸುರಿದವರು ಕೊಳದ ಗಾರೆಯನ್ನೂ ಹೀಟರನ್ನೂ ಹಾಳು ಮಾಡಿಕೊಳ್ಳುತ್ತಾರೆ.

ಆಲ್ಕಲಿನಿಟಿ 100 ಪಿಪಿಎಂ ಆಸುಪಾಸು ಇದ್ದರೆ, 31 ಶೇಕಡಾದ ಹೈಡ್ರೋಕ್ಲೋರಿಕ್ ಆಸಿಡ್ 10,000 ಲೀಟರಿಗೆ 100 ಮಿಲಿಯಷ್ಟು ಹಾಕಿದಾಗ ಪಿಎಚ್ ಸುಮಾರು 0.2 ಇಳಿಯುತ್ತದೆ. ನಮ್ಮ 48,000 ಲೀಟರಿಗೆ ಒಂದು ಸಲಕ್ಕೆ ಅರ್ಧ ಲೀಟರ್. ಪಂಪ್ ಓಡುತ್ತಿರುವಾಗ ಆಳದ ಕಡೆ ಸುತ್ತಲೂ ತೆಳುವಾಗಿ ಸುರಿದು, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಏಟಿಗೆ ಮುಗಿಸಲು ಹೋಗಬೇಡಿ. ಆಸಿಡ್ ಹಾಕಿ ನೀರು ಚೆನ್ನಾಗಿ ಬೆರೆತ ಮೇಲೆ ಮಾತ್ರ ಕ್ಲೋರಿನ್‌ನ ಮಾತು.

ಈಗ ಸ್ಟೆಬಿಲೈಜರ್, ಅಂದರೆ ಸೈನ್ಯೂರಿಕ್ ಆಸಿಡ್. ಇದು ಬಿಸಿಲಿನಿಂದ ಕ್ಲೋರಿನ್ ಸುಟ್ಟುಹೋಗದಂತೆ ಕಾಯುತ್ತದೆ, ಜೊತೆಗೆ ಅದರ ವೇಗವನ್ನೂ ತಗ್ಗಿಸುತ್ತದೆ. ಹಾಗಾಗಿ ಇದು ಹೆಚ್ಚಿದ್ದಷ್ಟೂ ಪಾಚಿ ಕೊಲ್ಲಲು ಹೆಚ್ಚು ಕ್ಲೋರಿನ್ ಬೇಕು. ವರ್ಷಗಟ್ಟಲೆ ಟ್ರೈಕ್ಲೋರ್ ಮಾತ್ರೆ ಬಳಸಿದ ಕೊಳ ಪದೇಪದೇ ಹಸಿರಾಗುವುದಕ್ಕೆ ಮುಖ್ಯ ಕಾರಣವೇ ಇದು. ಮಾತ್ರೆ 10 ಪಿಪಿಎಂ ಕ್ಲೋರಿನ್ ಕೊಡುವಾಗ 6 ಪಿಪಿಎಂ ಸ್ಟೆಬಿಲೈಜರನ್ನೂ ಬಿಟ್ಟುಹೋಗುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ.

30ರಿಂದ 50 ಪಿಪಿಎಂ ಇದ್ದರೆ ಸರಿ. ಬಯಲು ಕೊಳದಲ್ಲಿ 30ಕ್ಕಿಂತ ಕಡಿಮೆಯಿದ್ದರೆ ಕೊರತೆಯಷ್ಟು ಸೇರಿಸಿ. ಸೊನ್ನೆ ಇದ್ದರೆ 48,000 ಲೀಟರಿಗೆ 1.4 ಕಿಲೋ. ಹಳೆ ಕಾಲುಚೀಲದಲ್ಲಿ ಕಟ್ಟಿ, ಫಿಲ್ಟರ್‌ನಿಂದ ನೀರು ಮರಳಿ ಬರುವ ಬಾಯಿಯ ಎದುರು ಇಳಿಬಿಟ್ಟು ಆಗಾಗ ಹಿಂಡಿ. 100 ದಾಟಿದ್ದರೆ ರಾಸಾಯನಿಕದ ದಾರಿ ಇಲ್ಲ, ನೀರು ಬದಲಿಸಬೇಕು. ಅರ್ಧ ಬದಲಿಸಿದರೆ ಅರ್ಧ ಇಳಿಯುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಿಡದೆ, ತುಂಬಿಸಿ, ಬೆರೆಸಿ, ಮತ್ತೆ ಅಳೆದು ಮುಂದುವರಿಯಿರಿ.

## ಹಂತ 5: ಫಿಲ್ಟರ್ ಸಿದ್ಧವೇ ನೋಡಿ

ಮರಳಿನ ಫಿಲ್ಟರ್ ಆದರೆ ಪಂಪ್ ನಿಲ್ಲಿಸಿ, ಮಲ್ಟಿಪೋರ್ಟ್ ವಾಲ್ವ್‌ನ (ನೀರಿನ ದಾರಿ ಬದಲಿಸುವ ಕವಾಟ) ಹಿಡಿಯನ್ನು ಬ್ಯಾಕ್‌ವಾಶ್‌ಗೆ (ನೀರು ಹಿಮ್ಮುಖವಾಗಿ ಹರಿದು ಮರಳು ತೊಳೆಯುವ ಸ್ಥಾನ) ತಿರುಗಿಸಿ, ಪಂಪ್ ಹಾಕಿ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಬಿಡಿ, ಸಾಮಾನ್ಯವಾಗಿ ಎರಡು ಮೂರು ನಿಮಿಷ. ಮತ್ತೆ ನಿಲ್ಲಿಸಿ, ರಿನ್ಸ್‌ನಲ್ಲಿ ಅರ್ಧ ನಿಮಿಷ, ಆಮೇಲೆ ಫಿಲ್ಟರ್‌ಗೆ. ರಿನ್ಸ್ ಬಿಟ್ಟರೆ ಕೊಳವೆಯಲ್ಲಿ ಉಳಿದ ಕೊಳೆ ನೇರ ಕೊಳಕ್ಕೆ ಬೀಳುತ್ತದೆ. ಪಂಪ್ ಓಡುತ್ತಿರುವಾಗ ಹಿಡಿ ತಿರುಗಿಸಿದರೆ ಒಳಗಿನ ಚಕ್ರಾಕಾರದ ರಬ್ಬರ್ ಗ್ಯಾಸ್ಕೆಟ್ ಕಿತ್ತುಬರುತ್ತದೆ. ಆಮೇಲೆ ಕೊಳೆ ನೀರು ಮರಳನ್ನು ಮುಟ್ಟದೆಯೇ ಪಕ್ಕದಿಂದ ನುಸುಳಿ ವಾಪಸ್ ಬರುತ್ತಿರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ತೊಳೆದ ಮೇಲೆ ಗೇಜ್ ತೋರಿಸುವ ಒತ್ತಡವನ್ನು ಫಿಲ್ಟರ್ ಮೇಲೆಯೇ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಮುಂದಿನ ಬ್ಯಾಕ್‌ವಾಶ್. ಒತ್ತಡ ಇಳಿದಿದ್ದರೆ ಕಟ್ಟಿಕೊಂಡಿರುವುದು ಫಿಲ್ಟರ್ ಅಲ್ಲ, ಅದಕ್ಕೂ ಮೊದಲಿನ ಬುಟ್ಟಿ ಅಥವಾ ಕೊಳವೆ. ಕಾರ್ಟ್ರಿಜ್ ಫಿಲ್ಟರ್ ಆದರೆ ಹೊರತೆಗೆದು ಮಡಿಕೆ ಮಡಿಕೆಯನ್ನೂ ಮೇಲಿನಿಂದ ಕೆಳಕ್ಕೆ ಪೈಪಿನ ನೀರಿನಿಂದ ತೊಳೆಯಿರಿ. ಜೋರು ಒತ್ತಡದ ಗನ್ ಬೇಡ, ಬಟ್ಟೆ ಹರಿಯುತ್ತದೆ.

ಇಲ್ಲಿಂದ ನೀರು ತಿಳಿಯಾಗುವವರೆಗೆ ಪಂಪ್ ದಿನದ 24 ಗಂಟೆಯೂ ಓಡಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹಾಕುವ ಅಭ್ಯಾಸವನ್ನು ಸದ್ಯಕ್ಕೆ ಬದಿಗಿಡಿ.

## ಹಂತ 6: ಕ್ಲೋರಿನ್ ಏರಿಸಿ, ಏರಿದಲ್ಲೇ ಹಿಡಿದಿಡಿ

ಸೋಲುವವರೆಲ್ಲ ಸೋಲುವುದು ಇಲ್ಲೇ. ಏರಿಸುತ್ತಾರೆ, ಹಿಡಿದಿಡುವುದಿಲ್ಲ.

ಮುಟ್ಟಬೇಕಾದ ಮಟ್ಟ ಸ್ಟೆಬಿಲೈಜರ್‌ನ ಶೇಕಡಾ 40. ಅದು 30 ಇದ್ದರೆ ಮುಕ್ತ ಕ್ಲೋರಿನ್ 12 ಪಿಪಿಎಂ, 40ಕ್ಕೆ 16, 50ಕ್ಕೆ 20. ನಮ್ಮ ಕೊಳದಲ್ಲಿ ಸ್ಟೆಬಿಲೈಜರ್ 40, ಈಗಿನ ಕ್ಲೋರಿನ್ ಸೊನ್ನೆ ಎಂದಿಟ್ಟುಕೊಳ್ಳಿ. 48 × 16, ಅಂದರೆ 768 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಅದು ಶೇ. 10ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಸುಮಾರು 7.7 ಲೀಟರ್, ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಲ್ಲಿ ಸುಮಾರು 1.2 ಕಿಲೋ.

ಆಯ್ಕೆಯಿದ್ದರೆ ದ್ರಾವಣವೇ ವಾಸಿ. ಹಿಂದೆ ಉಪ್ಪು ಬಿಟ್ಟರೆ ಬೇರೇನನ್ನೂ ಬಿಡುವುದಿಲ್ಲ. ಆದರೆ ತಾಜಾ ಇರಬೇಕು. ಬಿಸಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕ್ಯಾನಿನ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಕ್ಯಾಲ್ಸಿಯಂ ಪುಡಿ 10 ಪಿಪಿಎಂ ಕ್ಲೋರಿನ್ ಜೊತೆ 7 ಪಿಪಿಎಂ ಗಡಸುತನ ಸೇರಿಸುತ್ತದೆ, ಮೊದಲೇ ಗಡಸು ನೀರಿದ್ದರೆ ಬಿಳಿ ಮಬ್ಬು ಖಾತ್ರಿ. ಅಗ್ಗದ ಬ್ಲೀಚಿಂಗ್ ಪೌಡರ್‌ನಲ್ಲಿ ಮೂರನೇ ಒಂದು ಭಾಗದಷ್ಟೇ ಕ್ಲೋರಿನ್, ಉಳಿದದ್ದರಲ್ಲಿ ಹೆಚ್ಚಿನದು ಸುಣ್ಣ. ಅದನ್ನೇ ಬಳಸುವುದಾದರೆ ಬಕೆಟ್ ನೀರಿನಲ್ಲಿ ಕಲಕಿ, ಗಷ್ಟು ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಕೊಳಕ್ಕೆ ಬಗ್ಗಿಸಿ. ಟ್ರೈಕ್ಲೋರ್, ಡೈಕ್ಲೋರ್ ಎರಡೂ ಈ ಹಂತಕ್ಕೆ ಬೇಡ. ಅವುಗಳಿಂದ ಸ್ಟೆಬಿಲೈಜರ್ ಏರುತ್ತ ಹೋದಂತೆ ಗುರಿಯೂ ಏರುತ್ತ ಹೋಗುತ್ತದೆ.

ಸೂರ್ಯ ಮುಳುಗುವ ಹೊತ್ತಿಗೆ ಶುರು ಮಾಡಿ. ದ್ರಾವಣವನ್ನು ರಿಟರ್ನ್ ಬಾಯಿಯ (ಫಿಲ್ಟರ್‌ನಿಂದ ನೀರು ಮರಳಿ ಬರುವ ಬಾಯಿ) ಎದುರು ಸಣ್ಣ ಧಾರೆಯಾಗಿ ಬಿಡಿ. ಪುಡಿಯಾದರೆ ಬಕೆಟ್‌ನಲ್ಲಿ ಪೂರ್ತಿ ಕರಗಿಸಿ. ಕರಗದ ಹರಳು ವಿನೈಲ್ ಮೇಲೆ ಕೂತರೆ ಬಿಳಿ ಮಚ್ಚೆ ಬಿಡುತ್ತದೆ, ಹೋಗುವುದಿಲ್ಲ.

ಅರ್ಧ ಗಂಟೆ ಬಿಟ್ಟು ಅಳೆದರೆ 16ರ ಬದಲು 5 ಅಥವಾ ಸೊನ್ನೆಯೇ ಕಾಣಬಹುದು. ಗಾಬರಿ ಬೇಡ. ಪಾಚಿ ಅಷ್ಟನ್ನು ನುಂಗಿದೆ, ಮತ್ತೆ 16ಕ್ಕೆ ಏರಿಸಿ. ಮೊದಲ ದಿನ ಎಚ್ಚರವಿರುವ ಹೊತ್ತಿನಲ್ಲೆಲ್ಲ ಒಂದೆರಡು ಗಂಟೆಗೊಮ್ಮೆ ಅಳೆದು ಏರಿಸುತ್ತಿರಿ, ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ. ದಿನಕ್ಕೊಂದೇ ಸಲ ಹಾಕಿದರೆ ಮಧ್ಯದ ಹದಿನೆಂಟು ಗಂಟೆ ಕ್ಲೋರಿನ್ ಇಲ್ಲದ ನೀರಿನಲ್ಲಿ ಪಾಚಿ ಆರಾಮವಾಗಿ ಚೇತರಿಸಿಕೊಳ್ಳುತ್ತದೆ.

ಇಲ್ಲೊಂದು ಬಲೆಯಿದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯ ಕಿಟ್‌ನಲ್ಲಿ ಕ್ಲೋರಿನ್ ತೀರಾ ಹೆಚ್ಚಿದ್ದರೆ ಬಣ್ಣವೇ ಬಿಳಿಚಿಹೋಗುತ್ತದೆ. ನೀರಿಗೆ ಮಾತ್ರೆ ಬಿದ್ದ ಗಳಿಗೆ ಒಂದು ಎಳೆ ಗುಲಾಬಿ ಮಿಂಚಿ ಮಾಯವಾಗುವುದನ್ನು ಗಮನಿಸಿ. ಅದು ಸೊನ್ನೆಯಲ್ಲ, ಅಳತೆ ಮೀರಿದ ಕ್ಲೋರಿನ್. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ.

ಬಣ್ಣ ಬದಲಾಗುವ ಕ್ರಮ ಹೀಗೆ: ಗಾಢ ಹಸಿರು, ತೆಳು ಹಸಿರು, ಬೂದು ಬೆರೆತ ನೀಲಿ, ಆಮೇಲೆ ಮಬ್ಬು ನೀಲಿ. ಬೂದು ನೀಲಿ ಬಂತೆಂದರೆ ಪಾಚಿ ಸಾಯುತ್ತಿದೆ. ಎರಡು ದಿನವಾದರೂ ಬಣ್ಣ ಕದಲದಿದ್ದರೆ ಸ್ಟೆಬಿಲೈಜರ್ ಮತ್ತೆ ಅಳೆಯಿರಿ, ತಳದ ಕಸ ಮತ್ತೆ ಎಳೆಯಿರಿ. ಸೊನ್ನೆ ಸ್ಟೆಬಿಲೈಜರ್ ಜೊತೆ ಕ್ಲೋರಿನ್ ನಿಮಿಷಗಳಲ್ಲೇ ಮಾಯವಾಗುತ್ತಿದ್ದರೆ, ಬ್ಯಾಕ್ಟೀರಿಯಾ ಸ್ಟೆಬಿಲೈಜರನ್ನೇ ತಿಂದು ಅಮೋನಿಯ ಮಾಡಿರುವ ಸಾಧ್ಯತೆಯಿದೆ. ಬಹಳ ದಿನ ಮುಚ್ಚಿಟ್ಟ ಕೊಳಗಳಲ್ಲಿ ಹೀಗಾಗುತ್ತದೆ. ಆಗ ಪಟ್ಟುಹಿಡಿದು ಮತ್ತೆ ಮತ್ತೆ ಹಾಕುವುದೇ ದಾರಿ.

## ಹಂತ 7: ದಿನವೂ ಉಜ್ಜಿ

ಗೋಡೆಗೆ ಅಂಟಿದ ಪಾಚಿಗೆ ಲೋಳೆಯ ಹೊದಿಕೆ ಇರುತ್ತದೆ, ಕ್ಲೋರಿನ್ ಅದರೊಳಗೆ ಸುಲಭವಾಗಿ ಇಳಿಯುವುದಿಲ್ಲ. ಉಜ್ಜಿ ನೀರಿಗೆ ಬೀಳಿಸಿದರೆ ಸಾಯುತ್ತದೆ. ದಿನಕ್ಕೊಮ್ಮೆ ಇಡೀ ಕೊಳ, ಗೋಡೆಯ ಮೇಲಿನಿಂದ ಕೆಳಕ್ಕೆ, ಒಂದು ಎಳೆತದ ಅಂಚಿನ ಮೇಲೆ ಇನ್ನೊಂದು ಬರುವಂತೆ.

ಕಣ್ತಪ್ಪುವ ಜಾಗಗಳೇ ಪಾಚಿಯ ಅಡಗುತಾಣ: ಏಣಿಯ ಟೊಳ್ಳು ಕೊಳವೆ ಮತ್ತು ಮೆಟ್ಟಿಲ ಅಡಿ, ಸ್ಕಿಮ್ಮರ್‌ನ ಒಳಗೋಡೆ ಮತ್ತು ಅದರ ಅಲುಗುವ ಬಾಗಿಲು, ನೀರೊಳಗಿನ ದೀಪದ ಹಿಂದಿನ ಗೂಡು. ದೀಪ ಬಿಚ್ಚುವ ಮೊದಲು ಮುಖ್ಯ ಸ್ವಿಚ್‌ನಿಂದಲೇ ವಿದ್ಯುತ್ ಕಡಿದಿರಬೇಕು. ಎಲ್ಲ ಸರಿಮಾಡಿಯೂ ವಾರದೊಳಗೆ ಪಾಚಿ ಮರಳುವ ಕೊಳಗಳಲ್ಲಿ ಈ ಗೂಡನ್ನು ನೋಡಿಯೇ ಇರುವುದಿಲ್ಲ.

## ಹಂತ 8: ಮಬ್ಬನ್ನು ಫಿಲ್ಟರ್‌ಗೆ ಬಿಡಿ

ಹಸಿರು ಹೋಗಿ ಮಬ್ಬು ಉಳಿದಾಗ ತಾಳ್ಮೆ ಬೇಕು. ಕ್ಲೋರಿನ್ ಮಟ್ಟ ಕಾಯ್ದುಕೊಂಡೇ ಫಿಲ್ಟರ್ ಓಡಿಸುತ್ತಿರಿ. ಮರಳು ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನ್‌ಗಿಂತ ದೊಡ್ಡ ಕಣವನ್ನು, ಕಾರ್ಟ್ರಿಜ್ 10ರಿಂದ 20. ಹಾಗಾಗಿ ಮರಳಿನ ಫಿಲ್ಟರ್‌ಗೆ ಒಂದು ವಾರ ಬೇಕಾದರೂ ಆಶ್ಚರ್ಯವಿಲ್ಲ. ಕಾರ್ಟ್ರಿಜನ್ನು ಮೊದಲೆರಡು ದಿನ ದಿನಕ್ಕೆ ಎರಡು ಮೂರು ಸಲ ತೊಳೆಯಬೇಕಾಗಬಹುದು.

ತಪ್ಪು ಮಾಡುವುದು ಅವಸರದಲ್ಲಿ. ನೀರು ತಿಳಿಯಾಗುತ್ತಿಲ್ಲವೆಂದು ಗಂಟೆಗೊಮ್ಮೆ ಬ್ಯಾಕ್‌ವಾಶ್ ಮಾಡಿದರೆ ಕೆಲಸ ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಕೊಳೆ ಕೂತ ಮರಳೇ ಹೊಸದಾಗಿ ತೊಳೆದ ಮರಳಿಗಿಂತ ಚೆನ್ನಾಗಿ ಸೋಸುತ್ತದೆ. ಗೇಜ್ ಹೇಳುವವರೆಗೆ ಮುಟ್ಟಬೇಡಿ.

ತಳಕ್ಕೆ ಇಳಿದ ಬೂದಿಯಂಥ ಪದರವನ್ನು ವ್ಯಾಕ್ಯೂಮ್ ಮಾಡಬೇಕು, ವಾಲ್ವ್ ವೇಸ್ಟ್‌ಗೆ ಇಟ್ಟು, ಅಂದರೆ ನೀರು ಫಿಲ್ಟರ್‌ಗೆ ಹೋಗದೆ ನೇರ ಹೊರಹೋಗುವಂತೆ. ಸತ್ತ ಪಾಚಿ ತೀರಾ ನುಣುಪು, ಫಿಲ್ಟರ್ ದಾಟಿ ಮರಳಿ ಕೊಳಕ್ಕೇ ಬರುತ್ತದೆ. ಕೊಳವೆಯನ್ನು ಮೊದಲು ನೀರಿನಿಂದ ತುಂಬಿಸಿ ಗಾಳಿ ತೆಗೆದು ಜೋಡಿಸಿ, ತಲೆಯನ್ನು ನಿಧಾನವಾಗಿ ಜರುಗಿಸಿ. ಅದರ ಮುಂದೆ ಹೊಗೆಯಂತೆ ಕೆಸರು ಏಳುತ್ತಿದ್ದರೆ ನಿಮ್ಮ ವೇಗ ಹೆಚ್ಚಾಯಿತು. ನೀರು ಹೊರಹೋಗುತ್ತಿರುವುದರಿಂದ ಪಕ್ಕದಲ್ಲಿ ಪೈಪು ಬಿಟ್ಟು ಮಟ್ಟ ಕಾಯಿರಿ.

ವಾರ ಕಳೆದರೂ ಬದಲಾವಣೆ ಇಲ್ಲದಿದ್ದರೆ ದೋಷ ಫಿಲ್ಟರ್‌ನಲ್ಲಿದೆ. ರಿಟರ್ನ್ ಬಾಯಿಯ ಮುಂದೆ ಮರಳು ಬೀಳುತ್ತಿದ್ದರೆ ಒಳಗಿನ ಲ್ಯಾಟರಲ್ ಕೊಳವೆ (ಮರಳನ್ನು ತಡೆದು ನೀರನ್ನಷ್ಟೇ ಬಿಡುವ ತಳದ ಸೀಳುಕೊಳವೆ) ಮುರಿದಿದೆ. ಮುಚ್ಚಳ ತೆಗೆದಾಗ ಮರಳು ಗಂಟುಗಂಟಾಗಿದ್ದರೆ ಅಥವಾ ನಡುವೆ ಗುಂಡಿ ಬಿದ್ದಿದ್ದರೆ ನೀರು ಅದೇ ದಾರಿಯಲ್ಲಿ ಸೋಸದೆ ಹರಿಯುತ್ತಿದೆ. ಐದಾರು ವರ್ಷ ಹಳೆಯ ಮರಳಾದರೆ ಬದಲಿಸಿಬಿಡಿ.

## ಹಂತ 9: ಪಟಿಕ, ಅಗತ್ಯವಿದ್ದರೆ ಮಾತ್ರ

ಬೇಗ ಮುಗಿಯಬೇಕಿದ್ದರೆ ನೀರು ಶುದ್ಧೀಕರಣದ ಪಟಿಕ, ಅಂದರೆ ಅಲ್ಯೂಮಿನಿಯಂ ಸಲ್ಫೇಟ್, ಬಳಸಬಹುದು. ಎರಡು ಷರತ್ತು: ಪಾಚಿ ಪೂರ್ತಿ ಸತ್ತಿರಬೇಕು, ವೇಸ್ಟ್‌ಗೆ ವ್ಯಾಕ್ಯೂಮ್ ಮಾಡುವ ವ್ಯವಸ್ಥೆ ಇರಬೇಕು. ಬರಿಯ ಕಾರ್ಟ್ರಿಜ್ ಫಿಲ್ಟರ್ ಇರುವವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು, ಆ ಅಂಟು ಕಾರ್ಟ್ರಿಜ್‌ನಿಂದ ಬಿಡುವುದಿಲ್ಲ.

1000 ಲೀಟರಿಗೆ 40ರಿಂದ 50 ಗ್ರಾಂ, ನಮ್ಮ ಕೊಳಕ್ಕೆ ಎರಡು ಕಿಲೋ ಚಿಲ್ಲರೆ. ವಾಲ್ವ್ ಅನ್ನು ರೀಸರ್ಕ್ಯುಲೇಟ್‌ಗೆ (ಮರಳನ್ನು ಮುಟ್ಟದೆ ನೀರು ಸುತ್ತುವ ಸ್ಥಾನ) ಇಟ್ಟು, ಕರಗಿಸಿದ ಪಟಿಕವನ್ನು ಕೊಳದ ತುಂಬ ಸಮನಾಗಿ ಹರಡಿ, ಒಂದೆರಡು ಗಂಟೆ ಬೆರೆಯಲು ಬಿಟ್ಟು ಪಂಪ್ ನಿಲ್ಲಿಸಿ. ರಾತ್ರಿಯಿಡೀ ನೀರು ಅಲುಗಬಾರದು. ಬೆಳಿಗ್ಗೆ ತಳದಲ್ಲಿ ಹತ್ತಿಯಂಥ ಪದರ ಕೂತಿರುತ್ತದೆ. ಬ್ರಷ್ ಮುಟ್ಟಿಸದೆ, ವೇಸ್ಟ್‌ಗೆ ಮೆಲ್ಲಗೆ ಎಳೆಯಿರಿ. ಪಟಿಕ ಆಲ್ಕಲಿನಿಟಿಯನ್ನು 20ರಿಂದ 25 ಪಿಪಿಎಂ ಇಳಿಸುತ್ತದೆ, ಪಿಎಚ್ ಕೂಡ ಜೊತೆಗೆ. 80ಕ್ಕಿಂತ ಕೆಳಗಿಳಿದಿದ್ದರೆ ಅಡುಗೆ ಸೋಡಾ ಹಾಕಿ: 10,000 ಲೀಟರಿಗೆ 170 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ.

ಬಾಟಲಿಯಲ್ಲಿ ಸಿಗುವ ಕ್ಲಾರಿಫೈಯರ್ ಬೇರೆ. ಅದು ಕಣಗಳನ್ನು ಒಂದಕ್ಕೊಂದು ಅಂಟಿಸಿ ಫಿಲ್ಟರ್‌ಗೆ ಸಿಗುವಂತೆ ಮಾಡುತ್ತದೆ, ಹಾಗಾಗಿ ಪಂಪ್ ಓಡುತ್ತಲೇ ಇರಬೇಕು. ಲೇಬಲ್‌ನ ಅಳತೆ ಮೀರಿದರೆ ನೀರು ಇನ್ನಷ್ಟು ಮಬ್ಬಾಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ.

## ಹಂತ 10: ಮುಗಿಯಿತೇ? ಮೂರು ಪರೀಕ್ಷೆ

ನೀರು ಕಣ್ಣಿಗೆ ತಿಳಿಯಾದ ಕೂಡಲೇ ಕ್ಲೋರಿನ್ ನಿಲ್ಲಿಸುವುದು ಕೊನೆಯ ತಪ್ಪು. ಮೂರೂ ಸರಿ ಬರಬೇಕು. ಒಂದು, ಅತಿ ಆಳದ ಜಾಗದಲ್ಲಿ ತಳದ ಜಾಲರಿಯ ಕಿಂಡಿಗಳು ಒಂದೊಂದೂ ಕಾಣಬೇಕು. ಎರಡು, ಬೆಸೆದ ಕ್ಲೋರಿನ್ 0.5 ಪಿಪಿಎಂ ಮೀರಬಾರದು. ಮೂರು, ಕತ್ತಲಾದ ಮೇಲೆ ಮುಕ್ತ ಕ್ಲೋರಿನ್ ಅಳೆದು, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆದಾಗ ಇಳಿಕೆ 1 ಪಿಪಿಎಂ ಒಳಗಿರಬೇಕು. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ ಕ್ಲೋರಿನ್ ಇಳಿದಿದ್ದರೆ ಅದನ್ನು ತಿನ್ನುವುದು ಇನ್ನೂ ಜೀವಂತವಾಗಿದೆ, ಹಂತ 6 ಮುಂದುವರಿಯಲಿ.

ಮೂರೂ ಸರಿಯಾದ ಮೇಲೆ ಕ್ಲೋರಿನ್ ತಾನಾಗಿ ಇಳಿಯಲು ಬಿಡಿ. 4 ಪಿಪಿಎಂಗೆ ಇಳಿದು, ಪಿಎಚ್ 7.2ರಿಂದ 7.8ರೊಳಗೆ ಇದ್ದಾಗ ಈಜಬಹುದು.

## ಇಷ್ಟಕ್ಕೂ ಬಗ್ಗದ ಎರಡು ಬಗೆ

ಹಳದಿ ಪಾಚಿ ನೆರಳಿನ ಗೋಡೆಯ ಮೇಲೆ ಸಣ್ಣ ದೂಳಿನಂತೆ ಕೂರುತ್ತದೆ. ಬ್ರಷ್ ತಾಗಿಸಿದರೆ ಸಲೀಸಾಗಿ ಹಾರಿ, ಮರುದಿನ ಅದೇ ಜಾಗದಲ್ಲಿ ಹಾಜರು. ಮೂರು ಪರೀಕ್ಷೆ ಮುಗಿದ ಮೇಲೆ ಮುಕ್ತ ಕ್ಲೋರಿನ್ ಅನ್ನು ಸ್ಟೆಬಿಲೈಜರ್‌ನ ಶೇ. 60ರಷ್ಟಕ್ಕೆ ಏರಿಸಿ ಒಂದು ಪೂರ್ತಿ ದಿನ ಹಿಡಿದಿಡಿ. ಬ್ರಷ್, ಬಲೆ, ಕೊಳವೆ, ಆಟದ ಸಾಮಾನು ಎಲ್ಲವೂ ಆ ಹೊತ್ತು ಅದೇ ನೀರಿನಲ್ಲಿ ಮುಳುಗಿರಲಿ.

ಕಪ್ಪು ಪಾಚಿ ಸಿಮೆಂಟ್ ಗಾರೆಯೊಳಗೆ ಇಳಿದು ಗಟ್ಟಿ ಚುಕ್ಕೆಯಾಗಿ ಕೂರುತ್ತದೆ. ಉಕ್ಕಿನ ಬ್ರಷ್‌ನಿಂದ ಚುಕ್ಕೆಯ ತಲೆ ಕೆರೆದು ತೆರೆದರೆ ಮಾತ್ರ ಕ್ಲೋರಿನ್ ಒಳಗೆ ಹೋಗುತ್ತದೆ. ವಾರಗಟ್ಟಲೆ ಬಿಡದೆ ಮಾಡಬೇಕಾದ ಕೆಲಸ.

## ಮರಳಿ ಬಾರದಂತೆ

ಮುಕ್ತ ಕ್ಲೋರಿನ್ ಎಂದೂ ಸ್ಟೆಬಿಲೈಜರ್‌ನ ಶೇ. 7.5ಕ್ಕಿಂತ ಕೆಳಗಿಳಿಯಬಾರದು, 40 ಇದ್ದರೆ ಕನಿಷ್ಠ 3 ಪಿಪಿಎಂ. ವಾರಕ್ಕೊಮ್ಮೆ ಗೋಡೆ ಉಜ್ಜಿ, ದಿನ ಬಿಟ್ಟು ದಿನವಾದರೂ ಕ್ಲೋರಿನ್ ಅಳೆಯಿರಿ. ಜೋರು ಮಳೆ ಅಥವಾ ಹೆಚ್ಚು ಜನ ಈಜಿದ ದಿನ ರಾತ್ರಿಯೇ ಅಳೆದು ಕೊರತೆ ತುಂಬಿ. ಗೋಡೆ ಕಾಲಿಗೆ ಜಾರತೊಡಗಿದರೆ, ಕ್ಲೋರಿನ್ ದಿನಕ್ಕಿಂತ ದಿನ ಬೇಗ ಖಾಲಿಯಾದರೆ, ಹಸಿರು ಕಾಣುವವರೆಗೆ ಕಾಯದೆ ಆ ರಾತ್ರಿಯೇ ಇಳಿಕೆಯ ಪರೀಕ್ಷೆ ಮಾಡಿ. ಮಾತ್ರೆ ಬಳಸುವವರು ತಿಂಗಳಿಗೊಮ್ಮೆ ಸ್ಟೆಬಿಲೈಜರ್ ಅಳೆದು, 50 ದಾಟುತ್ತಿದ್ದಂತೆ ದ್ರಾವಣಕ್ಕೆ ಬದಲಾಗಬೇಕು.